ಕೈ ಕಟ್ಟುವ ಮುನ್ನ
ವಯಸ್ಸಾದವರ ವಾರ್ಡಿನಲ್ಲಿ ನನ್ನನ್ನು ಹೆಚ್ಚು ಕಾಡುವುದು ಮಂಚದ ಕಂಬಿಗೆ ಬ್ಯಾಂಡೇಜ್ ಬಟ್ಟೆಯಿಂದ ಕಟ್ಟಿದ ಕೈಗಳು. ಮೂಗಿನ ನಳಿಕೆ ಕಿತ್ತುಕೊಂಡಾರೆಂಬ ಭಯಕ್ಕೆ ಕಟ್ಟುತ್ತಾರೆ; ರಾತ್ರಿಪಾಳಿಯಲ್ಲಿ ಒಬ್ಬಳೇ ನರ್ಸ್ ಇಡೀ ವಾರ್ಡ್ ನೋಡಿಕೊಳ್ಳುವಾಗ ಆ ಭಯ ಸುಳ್ಳೂ ಅಲ್ಲ. ಆದರೆ ಕಟ್ಟಿದಷ್ಟೂ ಚಡಪಡಿಕೆ ಹೆಚ್ಚುತ್ತದೆ, ಮಣಿಕಟ್ಟಿನ ತೆಳು ಚರ್ಮ ಸುಲಿಯುತ್ತದೆ. ಅಜ್ಜಿ ನಳಿಕೆ ಕೀಳುವುದು ನೋವಿಗೋ, ಮೂತ್ರಕ್ಕೆ ಹೋಗಬೇಕೆಂದೋ, ಕನ್ನಡಕ ತೆಗೆದಿಟ್ಟ ಮೇಲೆ ತಾನೆಲ್ಲಿದ್ದೇನೆಂದೇ ತಿಳಿಯದೆಯೋ, ಯಾರು ಕೇಳಿದರು? ಒಪ್ಪಿಗೆ ಪತ್ರದ ಸಹಿ ಮಗನದು, ಮಾತೆಲ್ಲ ಮಗನೊಂದಿಗೆ. ‘ಅಮ್ಮನಿಗೆ ಕಾಯಿಲೆ ಹೆಸರು ಹೇಳಬೇಡಿ ಸಿಸ್ಟರ್’ ಎಂಬ ಕೋರಿಕೆಯೂ ಅವನದೇ. ಪ್ರೀತಿಯಿಂದಲೇ ಹೇಳುತ್ತಾನೆ, ಒಪ್ಪುತ್ತೇನೆ. ಆದರೂ ‘ನನಗೇನಾಗಿದೆ ಮಗಳೇ?’ ಎಂದು ನಡುರಾತ್ರಿ ಆಕೆ ಕೇಳುವುದು ನರ್ಸನ್ನೇ. ಆಕೆಯ ಇಚ್ಛೆಗೂ ಕಾನೂನಿನಲ್ಲಿ ಜಾಗವಿದೆ: ತನಗೆ ಬೇಡದ ಚಿಕಿತ್ಸೆಯ ಬಗ್ಗೆ ಮೊದಲೇ ಬರೆದಿಡಬಹುದೆಂದು ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿತು; 2023ರಲ್ಲಿ ಮ್ಯಾಜಿಸ್ಟ್ರೇಟರ ಸಹಿ ಕೈಬಿಟ್ಟು, ಇಬ್ಬರು ಸಾಕ್ಷಿಗಳ ಜೊತೆ ನೋಟರಿ ಇಲ್ಲವೇ ಗೆಜೆಟೆಡ್ ಅಧಿಕಾರಿ ಸಾಕೆಂದಿತು; ಕರ್ನಾಟಕ ಸರ್ಕಾರ 2025ರ ಜನವರಿಯಲ್ಲಿ ಅದರ ಜಾರಿಗೆ ಆದೇಶಿಸಿತು. ಆ ಪತ್ರ ಬರೆಯುವಾಗ ಬುದ್ಧಿ ಸ್ಥಿಮಿತದಲ್ಲಿರಬೇಕು. ಹಾಗಾಗಿ ಅಜ್ಜಿಯನ್ನು ಕೇಳಬೇಕಾದ್ದು ಆಸ್ಪತ್ರೆ ಸೇರುವ ಮೊದಲೇ, ಮನೆಯ ಜಗಲಿಯಲ್ಲಿ, ಆಕೆ ಎಲೆಗೆ ಸುಣ್ಣ ಹಚ್ಚುತ್ತ ಕೂತಿರುವಾಗ.