ಬಹುಮಾನ ಎಷ್ಟು ಅಂತ ಕೇಳಬೇಡಿ

‘ಭಾನುವಾರ ಸೈಕಲ್ ರೇಸಿಗೆ ಹೋಗಿದ್ದೆ’ ಅಂತ ಊರಿನವರಿಗೆ ಹೇಳಿದರೆ ಬರುವ ಮೊದಲ ಪ್ರಶ್ನೆ, ‘ಎಷ್ಟನೇ ನಂಬರ್ ಬಂದಿ?’ ಎರಡನೆಯದು, ‘ಬಹುಮಾನ ಎಷ್ಟು?’ 38 ಮಂದಿಯಲ್ಲಿ 31ನೇ ನಂಬರು, ಬಹುಮಾನ ಏನೂ ಇಲ್ಲ, ಬದಲಿಗೆ ನಾನೇ 600 ರೂಪಾಯಿ ಕಟ್ಟಿ ಹೋಗಿದ್ದೆ ಅಂದ ಮೇಲೆ ಮೂರನೇ ಪ್ರಶ್ನೆ ಬರುವುದಿಲ್ಲ. ಮಾತು ಮಳೆ, ಬೆಳೆ ಕಡೆಗೆ ಹೊರಳುತ್ತದೆ. ಬಾಗಲಕೋಟೆ ಜಿಲ್ಲೆ ಬಿಟ್ಟು ಪುಣೆ ಸೇರಿ 19 ವರ್ಷ ಆಯಿತು. ಊರಿನ ಮೇಲೆ ನನಗೆ ದೊಡ್ಡ ತಕರಾರುಗಳೇನೂ ಇಲ್ಲ. ಈ ಎರಡು ಪ್ರಶ್ನೆಗಳ ಮೇಲೆ ಮಾತ್ರ ಇದೆ.

ಇದು ಎಂಥ ರೇಸು ಅಂತ ಮೊದಲು ಹೇಳಬೇಕು. ಹೆಸರು ಸೈಕ್ಲೋಕ್ರಾಸ್. ರಸ್ತೆ ರೇಸಿನ ಸವಾರರು ಚಳಿಗಾಲದಲ್ಲಿ ಮೈಯ ಕಸುವು ಉಳಿಸಿಕೊಳ್ಳಲು ಹೊಲ, ಬೇಲಿ, ಹಳ್ಳ ಹಾಯ್ದು ಸೈಕಲ್ ಓಡಿಸಲು ಶುರುಮಾಡಿದ ಆಟ. ಫ್ರಾನ್ಸಿನಲ್ಲಿ 1902ರಲ್ಲೇ ಇದರ ರಾಷ್ಟ್ರೀಯ ಚಾಂಪಿಯನ್‌ಷಿಪ್ ನಡೆಯಿತು. ಮೊದಲ ವಿಶ್ವ ಚಾಂಪಿಯನ್‌ಷಿಪ್ 1950ರಲ್ಲಿ, ಪ್ಯಾರಿಸಿನಲ್ಲಿ. ಇವತ್ತು ಇದರ ತವರು ಬೆಲ್ಜಿಯಂ ಮತ್ತು ನೆದರ್‌ಲ್ಯಾಂಡ್ಸ್. ಎರಡೂವರೆ ಮೂರು ಕಿಲೋಮೀಟರಿನ ಒಂದು ಸುತ್ತು, ಅದನ್ನೇ ಮತ್ತೆ ಮತ್ತೆ ಸುತ್ತಬೇಕು. ದೊಡ್ಡವರ ಪಂದ್ಯ ಸುಮಾರು ಒಂದು ತಾಸು. ನಮ್ಮಂಥ ಹವ್ಯಾಸಿಗಳದು ಮುಕ್ಕಾಲು ತಾಸು, ಅಷ್ಟರಲ್ಲೇ ಪ್ರಾಣ ಬಾಯಿಗೆ ಬಂದಿರುತ್ತದೆ. ದಾರಿಯಲ್ಲಿ 40 ಸೆಂಟಿಮೀಟರ್ ಎತ್ತರದ ಅಡ್ಡಹಲಗೆಗಳು, ಏರು, ಮರಳು, ಕೆಸರು. ಹಲಗೆ ಬಂದಲ್ಲಿ ಓಡುವ ಸೈಕಲ್ಲಿನಿಂದ ಹಾರಿ ಇಳಿದು, ಸೈಕಲ್ ಎತ್ತಿಕೊಂಡು ದಾಟಿ, ಮತ್ತೆ ಹಾರಿ ಕೂರಬೇಕು. ಏರು ಕಡಿದಾಗಿದ್ದರೆ ಸೈಕಲ್ಲನ್ನೇ ಹೆಗಲ ಮೇಲೆ ಹೊತ್ತು ಓಡಬೇಕು. ನೋಡುವವರಿಗೆ ನಗು ಬರುತ್ತದೆ, ಬರಲಿ. ಇದರಲ್ಲಿ ಹಿಂದೆ ಬಿದ್ದವನು ಒಬ್ಬಂಟಿಯಾಗುವುದಿಲ್ಲ, ಅದೇ ಇದರ ಸೊಗಸು. ರಸ್ತೆ ರೇಸಿನಲ್ಲಿ ಗುಂಪು ಕೈಬಿಟ್ಟರೆ ನೀವು, ಬಿಸಿಲು, ಲಾರಿಗಳು ಇಷ್ಟೇ. ಇಲ್ಲಿ ಸುತ್ತು ಚಿಕ್ಕದು, ಮೊದಲಿನವನೂ ಕೊನೆಯವನೂ ಒಂದೇ ಬಯಲಲ್ಲಿ ಇರುತ್ತಾರೆ. ಗೆಲ್ಲುವವನು ನನ್ನನ್ನು ಎರಡು ಸಲ ಹಿಂದೆ ಹಾಕಿ ಹೋಗುತ್ತಾನೆ. ಹೋಗುವಾಗ ‘ಚಲಾ ಕಾಕಾ’ ಅಂತ ಹುರುಪು ತುಂಬುತ್ತಾನೆ. ಕಾಕಾ ಅಂದಿದ್ದಕ್ಕೆ ಸಿಟ್ಟು ಬಂದರೂ ಉತ್ತರ ಕೊಡುವಷ್ಟು ಉಸಿರು ಇರುವುದಿಲ್ಲ.

ನಾನು ಓಡಿಸಿದ್ದು ಪುಣೆಯ ಹೊರಗೆ ಒಂದು ಖಾಲಿ ಜಮೀನಿನಲ್ಲಿ, ಆಗಸ್ಟ್ ತಿಂಗಳಲ್ಲಿ. ಹಿಂದಿನ ದಿನ ಮಳೆ ಸುರಿದಿತ್ತು. ಬೆಲ್ಜಿಯಮ್ಮಿನ ಕೆಸರಿನ ಬಗ್ಗೆ ಇಂಗ್ಲಿಷಿನಲ್ಲಿ ಬೇಕಾದಷ್ಟು ವರ್ಣನೆ ಓದಿದ್ದೆ. ಆ ಬರೆದವರು ಎರೆಮಣ್ಣು ಕಂಡಿಲ್ಲ ಅಂತ ಎರಡನೇ ಸುತ್ತಿನಲ್ಲೇ ತಿಳಿಯಿತು. ಎರೆಮಣ್ಣು ಜಾರುವುದಿಲ್ಲ, ಹಿಡಿಯುತ್ತದೆ. ಗಾಲಿಗೆ ಒಂದು ಪದರ, ಅದರ ಮೇಲೆ ಹುಲ್ಲು, ಹುಲ್ಲಿನ ಮೇಲೆ ಇನ್ನೊಂದು ಪದರ. ಫೋರ್ಕಿಗೂ ಟೈರಿಗೂ ನಡುವಿನ ಸಂದು ತುಂಬಿ ಗಾಲಿ ತಿರುಗುವುದೇ ನಿಂತು, 12 ಕಿಲೋ ಸೈಕಲ್ 16–17 ಕಿಲೋ ಆಗುತ್ತದೆ. ಲಕ್ಷಗಟ್ಟಲೆ ಬೆಲೆಯ ಕಾರ್ಬನ್ ಸೈಕಲ್ಲಿನ ಸಾಫ್ಟ್‌ವೇರ್ ಹುಡುಗರು ಏನು ಮಾಡಬೇಕೋ ತೋಚದೆ ನಿಂತಿದ್ದರು. ಮಳೆಗಾಲದಲ್ಲಿ ಎರೆಹೊಲದ ದಾರಿಯಲ್ಲಿ ಸೈಕಲ್ ತಳ್ಳಿ ಶಾಲೆಗೆ ಹೋದವನಿಗೆ ಏನು ಮಾಡಬೇಕೆಂಬುದು ಗೊತ್ತಿರುತ್ತದೆ. ಅಂಚಿನ ಹುಲ್ಲಿನ ಮೇಲೆ ನಡೆಸಬೇಕು, ಗಾಲಿ ಕಟ್ಟುವ ಮೊದಲೇ ಹೆಗಲಿಗೇರಿಸಬೇಕು, ಕಡ್ಡಿಯಿಂದ ಮಣ್ಣು ಕೆರೆಯಬೇಕು. 37ನೇ ಜಾಗದಿಂದ 31ಕ್ಕೆ ಬಂದಿದ್ದು ಈ ವಿದ್ಯೆಯಿಂದ, ಕಾಲಿನ ಬಲದಿಂದಲ್ಲ. ಪುಣೆಯಿಂದ ವಿಜಯಪುರದವರೆಗೂ ನೆಲದಡಿ ಇರುವುದು ದಖ್ಖನ್ನಿನ ಅದೇ ಕಪ್ಪು ಬಂಡೆ, ಮೇಲೆ ಅದೇ ಮಣ್ಣು. ಪರಊರಿನಲ್ಲಿ ನಮ್ಮ ಮಣ್ಣಿಗೆ ಕಾಲೂರಿದೆ ಅಂತ ಯಾರಾದರೂ ಬರೆದರೆ ನನಗೆ ಮುಜುಗರ ಆಗುತ್ತದೆ. ಆದರೆ ಅವತ್ತು ಕಾಲೂರಿದ್ದು ನಿಜ. ಬೂಟು ಒಳಗೇ ಉಳಿದು ಕಾಲಷ್ಟೇ ಹೊರಬಂತು.

ಈಗ ಜಗಳದ ವಿಷಯ. ಕರ್ನಾಟಕದಲ್ಲಿ ಸೈಕಲ್ ಆಟದ ಸೀಮೆ ಅಂತ ಇದ್ದರೆ ಅದು ವಿಜಯಪುರ, ಬಾಗಲಕೋಟೆ, ಗದಗ. ಕ್ರೀಡಾ ಹಾಸ್ಟೆಲ್ಲುಗಳಲ್ಲಿ ಬೆಳೆದ ಅಲ್ಲಿನ ಹುಡುಗ ಹುಡುಗಿಯರು ರಾಷ್ಟ್ರಮಟ್ಟದಲ್ಲಿ ಪದಕದ ಮೇಲೆ ಪದಕ ತಂದಿದ್ದಾರೆ. ಬೆಂಗಳೂರು, ಮೈಸೂರಿನ ಓದುಗರಲ್ಲಿ ಎಷ್ಟು ಮಂದಿಗೆ ಇದು ಗೊತ್ತು? ಇರಲಿ, ನನ್ನ ಪ್ರಶ್ನೆ ಬೇರೆ. ಆ ಪದಕದ ಹುಡುಗರು 30ನೇ ವಯಸ್ಸಿಗೆ ಏನು ಮಾಡುತ್ತಿರುತ್ತಾರೆ? ರೈಲ್ವೆಯಲ್ಲೋ ಪೊಲೀಸಿನಲ್ಲೋ ಕ್ರೀಡಾ ಕೋಟಾದ ನೌಕರಿ ಸಿಕ್ಕವರು ನೌಕರಿ ಮಾಡುತ್ತಾರೆ. ಸಿಗದವರು ಸೈಕಲ್ ಮಾರುತ್ತಾರೆ. ಎರಡೂ ಕಡೆ ಸೈಕಲ್ ತುಳಿಯುವುದು ನಿಲ್ಲುತ್ತದೆ. ಹುಡುಗಿಯರದು ಇನ್ನೂ ಬೇಗ ನಿಲ್ಲುತ್ತದೆ, ಲಗ್ನಪತ್ರಿಕೆ ಅಚ್ಚಾದ ದಿನ. ಪುಣೆಯ ಆ ರೇಸಿನಲ್ಲಿ 50 ದಾಟಿದ ಹೆಂಗಸರು ನಾಲ್ವರಿದ್ದರು, ಒಬ್ಬಾಕೆ ನನಗಿಂತ ಮುಂದೆ. ನಮ್ಮ ಜಿಲ್ಲೆಯಲ್ಲಿ ಆ ವಯಸ್ಸಿನ ಹೆಂಗಸು ಕೆಸರಲ್ಲಿ ಸೈಕಲ್ ಹೊತ್ತು ಓಡಿದರೆ ಮನೆಯವರು ದೇವರಲ್ಲಿ ಕೇಳಿಸಲು ಕರೆದೊಯ್ಯುತ್ತಾರೆ.

ಇಂಥ ಒಬ್ಬ ಹುಡುಗ ಇಲ್ಲೇ ಪುಣೆಯಲ್ಲಿ ನನಗೆ ಪರಿಚಯ. ಒಂದು ಕಾಲಕ್ಕೆ ರಾಜ್ಯಮಟ್ಟದಲ್ಲಿ ಹೆಸರು ಮಾಡಿದವನು. ನೌಕರಿ ಆಗಲಿಲ್ಲ, ಈಗ ಸರಕು ಟೆಂಪೋ ಓಡಿಸುತ್ತಾನೆ. ವಯಸ್ಸು 31. ರೇಸಿಗೆ ಬಾ ಅಂದೆ. ‘ಗೆಲ್ಲೂದಿಲ್ಲಂದ್ರ ಯಾಕ ಹೊಡೀಬೇಕ್ರೀ ಅಣ್ಣಾರ?’ ಅಂದ. ವ್ಯಂಗ್ಯ ಇರಲಿಲ್ಲ, ನಿಜವಾಗಿ ಕೇಳಿದ. 13ನೇ ವಯಸ್ಸಿನಿಂದ ಅವನಿಗೆ ಸೈಕಲ್ ಅಂದರೆ ಸರ್ಟಿಫಿಕೇಟು, ಸರ್ಟಿಫಿಕೇಟು ಅಂದರೆ ನೌಕರಿ ಅಂತಲೇ ಕಲಿಸಿದ್ದಾರೆ. ನೌಕರಿ ತಪ್ಪಿದ ಮೇಲೆ ಆ ಕಾಲುಗಳಿಗೆ ಅರ್ಥವೇ ಇಲ್ಲದಂತಾಯಿತು. ಬಹುಮಾನ ಎಷ್ಟು ಅನ್ನುವ ನಿಮ್ಮ ಪ್ರಶ್ನೆ ಮಾಡುವ ಕೆಲಸ ಇದೇ. ಬಡವರ ಮನೆಯ ಹುಡುಗನಿಗೆ ನೌಕರಿ ಮುಖ್ಯ ಅಲ್ಲವಾ ಅಂತ ಕೇಳಬಹುದು. ಮುಖ್ಯ, ಯಾರು ಇಲ್ಲ ಅಂದರು? ಆದರೆ ನೂರು ಹುಡುಗರಲ್ಲಿ ನೌಕರಿ ಸಿಗುವುದು ಕೆಲವರಿಗೆ. ಉಳಿದವರಿಗೆ ಆಟವೂ ಇಲ್ಲ, ನೌಕರಿಯೂ ಇಲ್ಲ ಅನ್ನುವ ವ್ಯವಸ್ಥೆಯನ್ನು ಕ್ರೀಡಾ ಪ್ರೋತ್ಸಾಹ ಅಂತ ಕರೆಯುವುದು ಹೇಗೆ?

ಇದೆಲ್ಲ ಹೊಟ್ಟೆ ತುಂಬಿದ ಐಟಿ ಮಂದಿಯ ಶೋಕಿ ಅನ್ನುವವರೂ ಇದ್ದಾರೆ. ಅರ್ಧ ಒಪ್ಪುತ್ತೇನೆ. ಮರುವರ್ಷ ಆ ಹುಡುಗ ಮನಸ್ಸು ಬದಲಿಸಿ, ಯಾರದ್ದೋ ಗೇರಿಲ್ಲದ ಕಬ್ಬಿಣದ ಸೈಕಲ್ ತಂದು, ಹೆಲ್ಮೆಟ್ ಹಾಕಿಕೊಂಡು ಬಂದ. ‘ಗೇರ್ ಸೈಕಲ್ ಮಾತ್ರ’ ಅಂತ ಹೆಸರು ಬರೆದುಕೊಳ್ಳುವ ಮೇಜಿನವರು ವಾಪಸ್ ಕಳಿಸಿದರು. ಹೆಲ್ಮೆಟ್ ಬೇಕು, ಬ್ರೇಕ್ ನೆಟ್ಟಗಿರಬೇಕು, ಸರಿ. ಗೇರು ಯಾಕೆ? ಕೆಸರಿಗೆ ಗೇರು ಲೆಕ್ಕವಾ? ಕೇಳಿದರೆ ‘ಪಾಲಿಸಿ’ ಅಂದರು. ಒಂದು ಕಾಲಕ್ಕೆ ಸೈಕಲ್ಲುಗಳ ಊರು ಅಂತಲೇ ಹೆಸರಾಗಿದ್ದ ಪುಣೆಯಲ್ಲಿ ಹಾಲಿನವನ ಸೈಕಲ್ಲಿಗೆ ಜಾಗ ಇಲ್ಲ. 2026ರ ಜನವರಿಯಲ್ಲಿ ಇಲ್ಲಿ ಪುಣೆ ಗ್ರ್ಯಾಂಡ್ ಟೂರ್ ನಡೆಯಿತು, ಹೊರದೇಶದ ತಂಡಗಳು ಬಂದವು, ರಸ್ತೆಗಳಿಗೆ ಹೊಸ ಡಾಂಬರು ಬಿತ್ತು. ಸಂತೋಷ. ಆದರೆ ಮೇಜಿನ ಹಿಂದೆ ಕೂತು ಸೈಕಲ್ಲಿನ ಬೆಲೆ ನೋಡಿ ಮನುಷ್ಯರನ್ನು ಆರಿಸುವ ಚಟ ಹೋಗದಿದ್ದರೆ ಆ ಡಾಂಬರು ಕಾರಿನವರಿಗೇ ಉಪಯೋಗ. ಪುಣೆಯವರಿಂದ ಎಲ್ಲವನ್ನೂ ಕಲಿಯಿರಿ ಅಂತ ಹೇಳಲು ನಾನು ಕೂತಿಲ್ಲ. 31ನೇ ನಂಬರ್ ಬಂದವನಿಗೂ ಚಪ್ಪಾಳೆ ಹೊಡೆಯುವುದನ್ನು ಕಲಿಯಿರಿ, ಮೇಜು ಬಿಟ್ಟುಬಿಡಿ.

ನೋಡಿದರೆ ಇದು ಹೊರಗಿನಿಂದ ಕಲಿಯಬೇಕಾದ್ದೂ ಅಲ್ಲ. ಜಾತ್ರೆಯಲ್ಲಿ ಸಂಗ್ರಾಣಿ ಕಲ್ಲು ಎತ್ತುವವನಿಗೆ ಯಾವ ಕೋಟಾ ಇತ್ತು? ಒಬ್ಬ ಎತ್ತಿದ, ಹತ್ತು ಮಂದಿ ಮೊಳಕಾಲವರೆಗೆ ತಂದು ಕೆಳಗಿಟ್ಟರು, ಜನ ನಕ್ಕರು, ಅವರೂ ನಕ್ಕರು, ಮುಂದಿನ ವರ್ಷ ಮತ್ತೆ ಬಂದರು. ಗರಡಿಯಲ್ಲಿ ಮೀಸೆ ನೆರೆತವರೂ ಮಣ್ಣಿಗೆ ಇಳಿಯುತ್ತಿದ್ದರು. ಆಟ ಅಂದರೆ ಮಕ್ಕಳದು ಇಲ್ಲವೇ ಪದಕದವರದು ಅನ್ನುವ ನಂಬಿಕೆ ಬಂದದ್ದು ಆಮೇಲೆ. ಟಿವಿಯಿಂದ ಬಂತು ಅಂತ ನನ್ನ ಗುಮಾನಿ.

ಪದಕವೇ ಬೇಕು ಅನ್ನುವವರಿಗೂ ಒಂದು ಮಾತು. ಡಚ್ಚರ ಮ್ಯಾಥ್ಯೂ ವ್ಯಾನ್ ಡರ್ ಪೋಲ್ 2025ರಲ್ಲಿ ಏಳನೇ ಸಲ ಸೈಕ್ಲೋಕ್ರಾಸ್ ವಿಶ್ವ ಚಾಂಪಿಯನ್ ಆದ. ಅವನಪ್ಪ 1996ರಲ್ಲಿ ಆಗಿದ್ದ. ಅಂಥ ಮನೆತನಗಳು ಹಾಸ್ಟೆಲ್ ಕಟ್ಟಿ ಹುಟ್ಟುವುದಿಲ್ಲ. ವಾರವಾರ ಹೊಲದಂಚಿನಲ್ಲಿ ನಿಂತು ಕಿರುಚುವ ಊರು ಬೇಕು, ಆ ಊರಿನಲ್ಲಿ ಸೋಲಲು ನಾಚದ ನೂರು ಮಂದಿ ಬೇಕು.

ಖರ್ಚಿನ ಮಾತು ಬೇಗ ಮುಗಿಸುತ್ತೇನೆ. ರಸ್ತೆ ರೇಸಿಗೆ ರಸ್ತೆ ಬಂದ್ ಮಾಡಿಸಬೇಕು, ಪೊಲೀಸರು ಬೇಕು, ಮಂತ್ರಿಗಳ ಹಸಿರು ಬಾವುಟ ಬೇಕು. ನಮ್ಮ ಹುಡುಗರು ನಸುಕಿನಲ್ಲಿ ಸೊಲ್ಲಾಪುರ–ವಿಜಯಪುರ ಹೆದ್ದಾರಿಯಲ್ಲಿ ಲಾರಿಗಳ ಮಗ್ಗುಲಲ್ಲೇ ತಾಲೀಮು ಮಾಡುತ್ತಾರೆ, ಅದನ್ನು ನೋಡಿದರೆ ನನಗೆ ಎದೆ ಹಿಡಿದಂತಾಗುತ್ತದೆ. ಸೈಕ್ಲೋಕ್ರಾಸಿಗೆ ಒಂದು ಬಯಲು ಸಾಕು, ಒಂದೂ ಲಾರಿ ಬರುವುದಿಲ್ಲ. ಫೆಬ್ರವರಿಯಲ್ಲಿ ಬಿಳಿಜೋಳ ಕಟಾವಾದ ಮೇಲೆ ಹೊಲ ಖಾಲಿ, ಜಾತ್ರೆಗಳೂ ಆಗಲೇ. ಕೆಸರು ಇರುವುದಿಲ್ಲ ನಿಜ, ಆದರೆ ಬಿರುಕು ಬಿಟ್ಟ ಎರೆನೆಲದ ಮೇಲೆ, ಜೋಳದ ಕೊಯ್ಲಿ ನಡುವೆ ಸೈಕಲ್ ಓಡಿಸಿ ನೋಡಿ, ಕೆಸರೇ ವಾಸಿ ಅನ್ನುತ್ತೀರಿ. ಅಡ್ಡಹಲಗೆಗೆ ಹಳೇ ಬಾಗಿಲು ನಡೆಯುತ್ತದೆ, ಗೆರೆ ಎಳೆಯಲು ಒಂದು ಚೀಲ ಸುಣ್ಣ, ಕೊನೆಯ ಸುತ್ತಿಗೆ ಹೊಡೆಯಲು ಶಾಲೆಯ ಗಂಟೆ. ಗೇರು ಇರಲಿ ಬಿಡಲಿ, ಯಾವ ಸೈಕಲ್ಲೂ ಆದೀತು. ಟೆಂಪೋ ಹುಡುಗನಿಗೆ ಈಗಲೇ ಹೇಳಿಟ್ಟಿದ್ದೇನೆ, ‘ಊರಾಗ ಅಂದ್ರ ಬರ್ತೀನ್ರೀ’ ಅಂದಿದ್ದಾನೆ. ಎರಡು ಸೈಕಲ್ ಅವನ ಟೆಂಪೋದಲ್ಲೇ ಹೇರಿಕೊಂಡು ಬರುತ್ತೇವೆ. ಹೊಲ ಯಾರದು ಅನ್ನುವುದೊಂದು ನೀವು ಅಲ್ಲಿ ತೀರ್ಮಾನ ಮಾಡಿ.