ವಿಮಾನದಲ್ಲೂ ಪಂಕ್ತಿಭೇದವೇ?

2019ನೆಯ ಇಸವಿ ಫೆಬ್ರವರಿ ತಿಂಗಳ ಕೊನೆಯಲ್ಲಿ ಬಂಡೀಪುರದ ಕಾಡಿಗೆ ಬೆಂಕಿ ಬಿದ್ದು ಗೋಪಾಲಸ್ವಾಮಿ ಬೆಟ್ಟದ ಸೀಮೆ ಹೊತ್ತಿ ಉರಿಯಿತು. ಆಗ ತಮಿಳುನಾಡಿನ ಸೂಲೂರು ವಾಯುನೆಲೆಯಿಂದ ವಾಯುಪಡೆಯ ಹೆಲಿಕಾಪ್ಟರುಗಳು ಬಂದು ತೂಗುತೊಟ್ಟಿಗಳಲ್ಲಿ ನೀರು ಹೊತ್ತು ತಂದು ಸುರಿದುದನ್ನು ನಮ್ಮ ತಾಲ್ಲೂಕಿನ ಜನ ಕತ್ತೆತ್ತಿ ನೋಡಿದರು. ಒಳಗೆ ಕುಳಿತು ನಡೆಸುತ್ತಿರುವವರು ಗಂಡಸರೋ ಹೆಂಗಸರೋ ಎಂದು ವಿಚಾರಿಸುವ ವ್ಯವಧಾನ ಯಾರಿಗಿದ್ದೀತು? ಬೆಂಕಿ ಆರಿದರೆ ಸಾಕಾಗಿತ್ತು.

ಅದೇ ತಿಂಗಳು ಬೆಂಗಳೂರಿನ ಯಲಹಂಕದಲ್ಲಿ ವಿಮಾನಗಳ ದೊಡ್ಡ ಪ್ರದರ್ಶನ ನಡೆದಿತ್ತು. ಅದರ ಮುನ್ನಾದಿನ, 19ನೆಯ ತಾರೀಖು, ಅಭ್ಯಾಸ ನಡೆಸುತ್ತಿದ್ದ ಸೂರ್ಯಕಿರಣ ತಂಡದ ಎರಡು ವಿಮಾನಗಳು ಆಕಾಶದಲ್ಲೇ ಒಂದಕ್ಕೊಂದು ತಾಗಿ, ಒಬ್ಬ ವೀರ ಪೈಲಟ್ ಪ್ರಾಣ ಕಳೆದುಕೊಂಡರು. ವಿಮಾನ ಕಸರತ್ತು ಎಂಬುದು ಅಷ್ಟು ಅಪಾಯದ ವಿದ್ಯೆ. ಈ ವಿದ್ಯೆಯ ಪಂದ್ಯದಲ್ಲಿ ಗಂಡಸರಿಗೊಂದು, ಹೆಂಗಸರಿಗೊಂದು ಎಂದು ಬೇರೆ ಬೇರೆ ಸ್ಪರ್ಧೆ ಇರಬೇಕೆ, ಇಲ್ಲವೆ ಎಲ್ಲರೂ ಒಂದೇ ಪಂಕ್ತಿಯಲ್ಲಿ ನಿಲ್ಲಬೇಕೆ ಎಂಬುದು ಈ ವಾರ ನಾವು ಎತ್ತಿಕೊಂಡಿರುವ ಪ್ರಶ್ನೆ.

ಅರಿಸಿನದ ಬೆಲೆ, ಆನೆಯ ಹಾವಳಿ, ಕೆರೆಗೆ ನೀರು ಇವುಗಳನ್ನು ಬಿಟ್ಟು ಪತ್ರಿಕೆಯವರು ಆಕಾಶಕ್ಕೇಕೆ ಹಾರಿದರು ಎಂದು ಕೆಲವು ವಾಚಕರು ಹುಬ್ಬೇರಿಸಬಹುದು. ಹೆಣ್ಣುಮಗಳೊಬ್ಬಳು ಯಾವ ಕೆಲಸಕ್ಕೆ ಯೋಗ್ಯಳು, ಯಾವುದಕ್ಕೆ ಅಲ್ಲ ಎಂಬ ತೀರ್ಪು ನಮ್ಮ ಮನೆಯಂಗಳದಲ್ಲೇ ದಿನವೂ ಆಗುತ್ತಿದೆ. ಆ ತೀರ್ಪಿಗೆ ಆಧಾರವೇನು ಎಂದು ಕೇಳಹೊರಟರೆ ವಿಮಾನದಷ್ಟು ಸ್ಪಷ್ಟವಾಗಿ ಉತ್ತರ ಕೊಡುವ ವಸ್ತು ಇನ್ನೊಂದಿಲ್ಲ. ಏಕೆಂದರೆ ಅಲ್ಲಿ ಭಾರ ಎತ್ತುವುದು ಯಂತ್ರ.

ಈ ಪಂದ್ಯ ನಡೆಯುವ ಬಗೆಯನ್ನು ಮೊದಲು ಹೇಳಬೇಕು. ಆಕಾಶದಲ್ಲಿ ಉದ್ದ, ಅಗಲ, ಎತ್ತರ ಮೂರೂ ಒಂದೊಂದು ಕಿಲೋಮೀಟರ್ ಇರುವ ಒಂದು ಪೆಟ್ಟಿಗೆಯನ್ನು ಕಲ್ಪಿಸಿಕೊಳ್ಳಿ. ಪೈಲಟ್ ತನ್ನ ಪುಟ್ಟ ವಿಮಾನವನ್ನು ಅದರೊಳಗೇ ಆಡಿಸಬೇಕು. ಸುತ್ತು ಹೊಡೆಯುವುದು, ಉರುಳುವುದು, ತಲೆಕೆಳಗಾಗಿ ಸಾಗುವುದು, ಬುಗುರಿಯಂತೆ ತಿರುಗುತ್ತ ಬಿದ್ದು ಮತ್ತೆ ಸರಿಯಾಗುವುದು, ಹೀಗೆ ಒಂದಾದ ಮೇಲೊಂದು. ಈ ವರಸೆಗಳನ್ನು ಕಾಗದದ ಮೇಲೆ ಬರೆಯಲು ಸ್ಪೇನ್ ದೇಶದ ಅರೆಸ್ತಿ ಎಂಬ ಪೈಲಟ್ ಒಂದು ಲಿಪಿಯನ್ನೇ ಮಾಡಿಟ್ಟಿದ್ದಾನೆ. ಕೆಳಗೆ ಕುರ್ಚಿ ಹಾಕಿಕೊಂಡು ಕುಳಿತ ತೀರ್ಪುಗಾರರು ಒಂದೊಂದು ವರಸೆಗೂ ಹತ್ತಕ್ಕೆ ಇಷ್ಟು ಎಂದು ಅಂಕ ಹಾಕುತ್ತಾರೆ. ಗೆರೆ ನೆಟ್ಟಗಿದೆಯೇ, ಸುತ್ತು ದುಂಡಗಿದೆಯೇ ಎಂದಷ್ಟೇ ಅವರು ನೋಡುವುದು. ವರಸೆಯ ಕಷ್ಟಕ್ಕೆ ತಕ್ಕಂತೆ ಆ ಅಂಕವನ್ನು ಗುಣಿಸುತ್ತಾರೆ. ತೀರ್ಪುಗಾರನ ಕಣ್ಣಿಗೆ ಬೀಳುವುದು ವಿಮಾನ. ಒಳಗಿರುವವರ ಮೀಸೆಯೂ ಕಾಣದು, ಬಳೆಯೂ ಕಾಣದು.

ದೇಹಕ್ಕೆ ಪರೀಕ್ಷೆ ಇಲ್ಲವೇ ಎಂದರೆ ಖಂಡಿತ ಇದೆ. ವೇಗದಲ್ಲಿ ವಿಮಾನವನ್ನು ಸರಕ್ಕನೆ ಮೇಲಕ್ಕೆಳೆದಾಗ ಪೈಲಟ್ಟಿನ ಮೈತೂಕ ಏಳೆಂಟು ಪಟ್ಟು ಆದಂತಾಗುತ್ತದೆ. 60 ಕಿಲೋ ತೂಗುವವರು 480 ಕಿಲೋ ತೂಗಿದ ಹಾಗೆ. ರಕ್ತ ತಲೆಯಿಂದ ಕಾಲಿಗಿಳಿದು ಕಣ್ಣು ಕತ್ತಲೆಗಟ್ಟುತ್ತದೆ. ಹೆಂಗಸರ ದೇಹ ಇದನ್ನು ತಾಳಲಾರದು ಎಂಬ ಮಾತು ಬಹಳ ಕಾಲ ಶಾಸ್ತ್ರದಂತೆ ನಡೆಯಿತು. ಅಮೆರಿಕದ ವಾಯುದಳದ ವೈದ್ಯರು ದೊಡ್ಡ ತಿರುಗಣೆ ಯಂತ್ರದಲ್ಲಿ ಹೆಂಗಸರನ್ನೂ ಗಂಡಸರನ್ನೂ ಕೂರಿಸಿ ಪರೀಕ್ಷಿಸಿ, ಇಬ್ಬರ ತಾಳಿಕೆಯಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲವೆಂದು 1986ರಲ್ಲಿ ಪ್ರಕಟಿಸಿದರು. ಅಭ್ಯಾಸ, ಉಸಿರು ಬಿಗಿಹಿಡಿಯುವ ಕ್ರಮ, ಹೃದಯಕ್ಕೂ ಕಣ್ಣಿಗೂ ಇರುವ ಅಂತರ ಇವು ಮುಖ್ಯವೇ ಹೊರತು ಗಂಡು ಹೆಣ್ಣೆಂಬುದಲ್ಲ. ಹಿಡಿಕೆಯನ್ನು ಎಳೆಯಲು ತೋಳಿನಲ್ಲಿ ಬಲ ಬೇಕು, ನಿಜ. ಕಾಡಂಚಿನ ಹೊಲದಲ್ಲಿ ಅರಿಸಿನ ಅಗೆದು, ಸೌದೆ ಹೊರೆ ಹೊತ್ತು ಮನೆಗೆ ಬರುವ ನಮ್ಮ ಹೆಂಗಸರಿಗೆ ತೋಳಿನ ಬಲದ ಪಾಠ ಹೇಳುವವರು ಒಂದು ದಿನ ಆ ಹೊರೆಯನ್ನು ಹೊತ್ತು ನೋಡಲಿ.

ಗಂಡಿಗೂ ಹೆಣ್ಣಿಗೂ ಎಲ್ಲ ಆಟಗಳೂ ಒಂದೇ ಆಗಬೇಕೆಂದು ನಾವು ಹಟ ಹಿಡಿದಿಲ್ಲ. ಗರಡಿಯ ಮಣ್ಣಿನಲ್ಲಿ ಕುಸ್ತಿ ಹಿಡಿಯುವಾಗ ಮೈಗೆ ಮೈ ತಾಗುತ್ತದೆ. ಅಲ್ಲಿ ಗಂಡಸರಲ್ಲೇ ತೂಕ ನೋಡಿ ಜೋಡಿ ಕಟ್ಟುತ್ತಾರೆ. ಭಾರತೀಯ ಅರಣ್ಯ ಸೇವೆಯ ಪರೀಕ್ಷೆಯಲ್ಲಿ ಗಂಡಸರು ನಾಲ್ಕು ಗಂಟೆಗಳಲ್ಲಿ 25 ಕಿಲೋಮೀಟರ್ ನಡೆಯಬೇಕು, ಹೆಂಗಸರು 14. ಕಾಲಿನ ಕೆಲಸವಾದ್ದರಿಂದ ಅದಕ್ಕೊಂದು ಅರ್ಥವುಂಟು ಎನ್ನೋಣ. ಆದರೆ ಕೆಲಸಕ್ಕೆ ಸೇರಿದ ಮೇಲೆ ಆ ಅಧಿಕಾರಿಣಿಗೆ ಅರ್ಧ ಕಾಡು, ಅರ್ಧ ಹುಲಿ ಎಂದು ಯಾರೂ ಲೆಕ್ಕ ಹಾಕಿ ಕೊಡುವುದಿಲ್ಲ. ಜವಾಬ್ದಾರಿ ಪೂರ್ತಿಯಾಗಿಯೇ ಹೊರಬೇಕು.

ವಿಮಾನ ಕಸರತ್ತಿನಲ್ಲಿ ಜಗತ್ತು ಏನು ಮಾಡಿದೆ? 1960ರಲ್ಲಿ ಜೆಕೊಸ್ಲೊವಾಕಿಯದ ಬ್ರಾಟಿಸ್ಲಾವಾದಲ್ಲಿ ಮೊದಲ ವಿಶ್ವ ಪಂದ್ಯ ನಡೆಯಿತು. ಮುಂದೆ ಹೆಂಗಸರಿಗೆಂದು ಪ್ರತ್ಯೇಕ ಪಟ್ಟ ಕೊಡುವ ವಾಡಿಕೆ ಬೆಳೆಯಿತು. ರಷ್ಯಾದ ಸ್ವೆತ್ಲಾನಾ ಕಪಾನಿನಾ ಎಂಬಾಕೆ 1996ರಿಂದ ಹಲವು ಬಾರಿ ಆ ಪಟ್ಟ ಗೆದ್ದು ಲೋಕಪ್ರಸಿದ್ಧಳಾದಳು. ಅಮೆರಿಕದ ರಾಷ್ಟ್ರೀಯ ಪಂದ್ಯದಲ್ಲಿ ಪ್ಯಾಟಿ ವ್ಯಾಗ್‌ಸ್ಟಾಫ್ ಎಂಬಾಕೆ 1991ರಲ್ಲಿ ಗಂಡಸರನ್ನೆಲ್ಲ ಹಿಂದಿಕ್ಕಿ ಒಟ್ಟು ಪಟ್ಟವನ್ನೇ ಗೆದ್ದಳು. 1992ರಲ್ಲೂ 1993ರಲ್ಲೂ ಬಿಟ್ಟುಕೊಡಲಿಲ್ಲ. ಇಬ್ಬರೂ ಮಹಾ ಪ್ರತಿಭಾವಂತರು. ಆದರೆ ಎರಡನೆಯವಳ ಗೆಲುವಿನ ಮೇಲೆ ‘ಹೆಂಗಸರಲ್ಲಿ ಮೊದಲು’ ಎಂಬ ಅಡಿಟಿಪ್ಪಣಿ ಹಾಕಲು ಯಾರಿಗೂ ಸಾಧ್ಯವಾಗದು.

ಪ್ರತ್ಯೇಕಿಸಿದರೆ ಏನಾಗುತ್ತದೆ ಎಂಬುದಕ್ಕೆ ಬಂದೂಕಿನ ಆಟದಲ್ಲಿ ಒಂದು ದೃಷ್ಟಾಂತವಿದೆ. ಹಾರುವ ತಟ್ಟೆಗೆ ಗುಂಡು ಹೊಡೆಯುವ ಸ್ಕೀಟ್ ಎಂಬ ಪಂದ್ಯ 1992ರ ಬಾರ್ಸಿಲೋನಾ ಒಲಿಂಪಿಕ್ಸ್‌ನಲ್ಲಿ ಗಂಡಸರಿಗೂ ಹೆಂಗಸರಿಗೂ ಸೇರಿ ನಡೆಯಿತು. ಚೀನಾದ ಜಾಂಗ್ ಶಾನ್ ಎಂಬ ಹುಡುಗಿ ಎಲ್ಲರನ್ನೂ ಸೋಲಿಸಿ ಚಿನ್ನ ತೆಗೆದುಕೊಂಡಳು. 1996ರ ಅಟ್ಲಾಂಟಾದಲ್ಲಿ ನೋಡಿದರೆ ಸ್ಕೀಟ್ ಗಂಡಸರಿಗೆ ಮಾತ್ರ! ಗೆದ್ದಾಕೆಗೆ ತನ್ನ ಪಟ್ಟ ಉಳಿಸಿಕೊಳ್ಳಲು ಕಣವೇ ಇಲ್ಲ. ಹೆಂಗಸರಿಗೆ ಬೇರೆ ಪಂದ್ಯ ಹುಟ್ಟಿದ್ದು 2000ದಲ್ಲಿ. ಬೇರೆ ಎಲೆ ಹಾಕುತ್ತೇವೆಂದು ಪಂಕ್ತಿಯಿಂದ ಎಬ್ಬಿಸಿ, ಎಂಟು ವರ್ಷ ಹಸಿದು ಕೂರಿಸಿದ ಹಾಗಾಯಿತು.

ನಮ್ಮ ದೇಶದಲ್ಲಿ ಈ ವಿದ್ಯೆ ಹೆಚ್ಚಾಗಿ ವಾಯುಪಡೆಯ ಪ್ರದರ್ಶನಗಳಲ್ಲೇ ಕಾಣುತ್ತದೆ. ಅದರ ಬೇರು ಕರ್ನಾಟಕದಲ್ಲಿ ಆಳವಾಗಿದೆ. 1996ರಲ್ಲಿ ಹುಟ್ಟಿದ ಸೂರ್ಯಕಿರಣ ತಂಡದ ನೆಲೆ ಬೀದರ್. ಸಾರಂಗ ತಂಡದ ಧ್ರುವ ಹೆಲಿಕಾಪ್ಟರುಗಳನ್ನು ಮಾಡಿದವರು ಬೆಂಗಳೂರಿನ ಎಚ್‌ಎಎಲ್ ಕಾರ್ಖಾನೆಯ ಕಾರ್ಮಿಕರು. ಆ ಸಾರಂಗ ತಂಡಕ್ಕೆ 2010ರಲ್ಲಿ ಸೇರಿದ ಮೊದಲ ಮಹಿಳಾ ಪೈಲಟ್ ದೀಪಿಕಾ ಮಿಶ್ರಾ. ಒಂದಕ್ಕೊಂದು ಕೆಲವೇ ಮೀಟರ್ ಅಂತರದಲ್ಲಿ ಹಾರುವ ಹೆಲಿಕಾಪ್ಟರುಗಳಲ್ಲಿ ‘ಮಹಿಳಾ ವಿಭಾಗ’ ಎಂದು ಒಂದನ್ನು ದೂರ ನಿಲ್ಲಿಸಲು ಬರುವುದಿಲ್ಲ. ಜೊತೆಯವರ ಪ್ರಾಣ ಆಕೆಯ ಕೈಯಲ್ಲಿ, ಆಕೆಯ ಪ್ರಾಣ ಅವರ ಕೈಯಲ್ಲಿ. ಅದೇ ಅಧಿಕಾರಿಣಿ 2021ರ ಆಗಸ್ಟ್‌ನಲ್ಲಿ ಮಧ್ಯಪ್ರದೇಶದ ನೆರೆಯಲ್ಲಿ ಸಿಕ್ಕಿಕೊಂಡಿದ್ದ 47 ಜನರ ಜೀವ ಉಳಿಸಿದ ಕಾರ್ಯಾಚರಣೆಗಾಗಿ 2023ರಲ್ಲಿ ಶೌರ್ಯಪದಕ ಪಡೆದರು. ಕಸರತ್ತಿನಲ್ಲಿ ಪಳಗಿದ ಕೈ ಕಷ್ಟಕಾಲಕ್ಕೆ ಒದಗಿತು.

ಯುದ್ಧವಿಮಾನದ ಬಾಗಿಲು ಹೆಂಗಸರಿಗೆ ತೆರೆದದ್ದು 2016ರಲ್ಲಿ. ಮೊದಲ ಮೂವರೂ ಬೀದರಿನಲ್ಲಿ ಹಾಕ್ ವಿಮಾನದ ಮೇಲೆ ತರಬೇತಿ ಪಡೆದರು. 2018ರಲ್ಲಿ ನಮ್ಮ ಚಿಕ್ಕಮಗಳೂರು ಕಡೆಯ ಮೇಘನಾ ಶಾನಭಾಗ್ ಆ ಸಾಲಿಗೆ ಸೇರಿದರು. ಇವರಿಗೆಂದು ಸುಲಭದ ಪಾಠಪಟ್ಟಿ ಇಡಲಿಲ್ಲ. ಇಷ್ಟೆಲ್ಲ ಕಣ್ಣೆದುರಿಗೆ ಇದ್ದರೂ, ಸೈನ್ಯದಲ್ಲಿ ಹೆಂಗಸರಿಗೆ ಕಾಯಂ ಅಧಿಕಾರ ಕೊಡುವ ಮೊಕದ್ದಮೆಯಲ್ಲಿ ಕೇಂದ್ರ ಸರ್ಕಾರ ಸುಪ್ರೀಂ ಕೋರ್ಟಿನ ಮುಂದೆ ಹೇಳಿದ್ದೇನು? ಜವಾನರು ಬಹುಪಾಲು ಹಳ್ಳಿಗಾಡಿನಿಂದ ಬಂದವರು, ಹೆಣ್ಣಿನ ಆಜ್ಞೆ ಪಾಲಿಸಲು ಅವರ ಮನಸ್ಸು ಇನ್ನೂ ಸಿದ್ಧವಾಗಿಲ್ಲ ಎಂದು! ದೆಹಲಿಯ ಕಚೇರಿಯ ಅಳುಕನ್ನು ಹಳ್ಳಿಯವನ ತಲೆಗೆ ಕಟ್ಟಿದರು. 2020ರ ಫೆಬ್ರವರಿ 17ರಂದು ನ್ಯಾಯಾಲಯ ಈ ವಾದವನ್ನು ತಳ್ಳಿಹಾಕಿದ್ದು ಸರಿಯಾಯಿತು.

ಹಳ್ಳಿಯವರ ಮನಸ್ಸಿನ ಬಗ್ಗೆ ದೆಹಲಿಯವರಿಗೆ ಸಾಕ್ಷಿ ಬೇಕಿದ್ದರೆ ಗುಂಡ್ಲುಪೇಟೆಗೆ ಬರಬಹುದಿತ್ತು. ಇಲ್ಲಿಯ ರೈತರೂ ಕೂಲಿಕಾರರೂ 1957ರಿಂದ ಮೊದಲುಗೊಂಡು ಏಳು ಬಾರಿ ಕೆ.ಎಸ್. ನಾಗರತ್ನಮ್ಮನವರನ್ನು ಶಾಸನಸಭೆಗೆ ಕಳುಹಿಸಿದರು. ಅದು ಹೆಂಗಸರಿಗೆ ಮೀಸಲಾದ ಕ್ಷೇತ್ರವಲ್ಲ. ಎದುರಿಗಿದ್ದವರು ಗಟ್ಟಿ ಗಂಡಸರು. ಅವರ ರಾಜಕೀಯದೊಡನೆ ನಮ್ಮ ಪಕ್ಷದ ಜಗಳ ಬೇರೆ ಮಾತು. 1972ರಲ್ಲಿ ಅವರು ಸಭಾಧ್ಯಕ್ಷರ ಪೀಠ ಏರಿದಾಗ, ರಾಜ್ಯದ ಘಟಾನುಘಟಿಗಳೆಲ್ಲ ಅವರ ಅಪ್ಪಣೆ ಪಡೆದೇ ಬಾಯಿ ತೆರೆಯಬೇಕಾಯಿತು.

ಇಲ್ಲಿ ನಮ್ಮ ಪಕ್ಷದ ಸ್ನೇಹಿತರೇ ಒಂದು ಆಕ್ಷೇಪ ಎತ್ತಬಹುದು. ಡಾಕ್ಟರ್ ಲೋಹಿಯಾ ಅವರು ಹೆಂಗಸರಿಗೂ ಹಿಂದುಳಿದವರಿಗೂ ವಿಶೇಷ ಅವಕಾಶ ಬೇಕೆಂದು ಹೋರಾಡಿದರಲ್ಲ, ಅಸಮಾನರ ನಡುವೆ ಸಮಾನ ಪಂದ್ಯ ಮೋಸವೆಂದರಲ್ಲ, ಹಾಗಿರುವಾಗ ಹೆಂಗಸರಿಗೆ ಪ್ರತ್ಯೇಕ ಪಂದ್ಯ ಬೇಡವೆನ್ನುವುದು ತತ್ತ್ವಕ್ಕೆ ವಿರೋಧವಲ್ಲವೇ ಎಂದು. ಈ ಆಕ್ಷೇಪ ಹಗುರವಾದದ್ದಲ್ಲ. ಇದೇ ಗುಂಡ್ಲುಪೇಟೆಯ ಅಬ್ದುಲ್ ನಜೀರ್ ಸಾಬ್ ಅವರು ಮಂತ್ರಿಯಾಗಿದ್ದಾಗ ತಂದ 1983ರ ಪಂಚಾಯತಿ ಕಾನೂನಿನಲ್ಲಿ ಹೆಂಗಸರಿಗೆ ನೂರಕ್ಕೆ ಇಪ್ಪತ್ತೈದು ಸ್ಥಾನ ಮೀಸಲಾಯಿತು. 2010ರಲ್ಲಿ ಅದು ಅರ್ಧಕ್ಕೇರಿತು. ನಾಗರತ್ನಮ್ಮನವರೊಬ್ಬರು ಗೆದ್ದರೆಂದು ನಜೀರ್ ಸಾಬರ ಕಾನೂನು ಬೇಡವಾಗುವುದಿಲ್ಲ. ಮೀಸಲಾತಿ ಇಲ್ಲದ ವಿಧಾನಸಭೆಯ 224 ಸ್ಥಾನಗಳಲ್ಲಿ 2023ರಲ್ಲೂ ಹೆಂಗಸರು ಹತ್ತರಲ್ಲೊಂದು ಪಾಲಿಗೂ ಮುಟ್ಟಲಿಲ್ಲ.

ಆದರೆ ನಜೀರ್ ಸಾಬರು ಮಾಡಿದ್ದು ಹೆಂಗಸರ ಪಂಚಾಯತಿ ಎಂದು ಬೇರೊಂದು ಕಟ್ಟಡವನ್ನಲ್ಲ. ಅದೇ ಪಂಚಾಯತಿಯೊಳಗೆ, ಅದೇ ಜಮಖಾನದ ಮೇಲೆ, ಗಂಡಸರ ಓಟಿನಷ್ಟೇ ತೂಕದ ಓಟಿನೊಡನೆ ಹೆಂಗಸರನ್ನು ಕೂರಿಸಿದರು. ವಿಶೇಷ ಅವಕಾಶ ಬೇಕಾದದ್ದು ಬಾಗಿಲಿನಲ್ಲಿ. ಅಂಕ ಹಾಕುವ ಮೇಜಿನ ಮೇಲೆ ಒಂದೇ ಅಳತೆಕೋಲು ಇರಬೇಕು. ಹೆಂಗಸರಿಗೆ ಪ್ರೋತ್ಸಾಹವಾಗಿ ಒಂದು ಬಹುಮಾನ ಹೆಚ್ಚಿಗೆ ಕೊಡುವುದಾದರೆ ಕೊಡಲಿ, ನಮ್ಮ ತಕರಾರಿಲ್ಲ. ಆದರೆ ಎಲ್ಲರೂ ಒಂದೇ ದಿನ, ಅದೇ ವರಸೆಗಳನ್ನು, ಅದೇ ತೀರ್ಪುಗಾರರ ಮುಂದೆ ಹಾರಿಸಲಿ. ಹೆಸರುಗಳು ಒಂದೇ ಪಟ್ಟಿಯಲ್ಲಿ ಬರಲಿ.

ಬಾಗಿಲಿನ ವಿಚಾರವೇ ನಮಗೆ ಹೆಚ್ಚಿನದು. ಬೆಂಗಳೂರಿನ ಜಕ್ಕೂರಿನಲ್ಲಿ ಸರ್ಕಾರದ ವಿಮಾನ ತರಬೇತಿ ಶಾಲೆ ಸ್ವಾತಂತ್ರ್ಯ ಬಂದ ಹೊಸತರಲ್ಲೇ ಆರಂಭವಾಯಿತು. 1949ರಲ್ಲಿ ಅಲ್ಲಿಂದ ತೇರ್ಗಡೆಯಾಗಿ ಹೊರಬಂದ ಉಷಾ ಸುಂದರಂ ಅವರು ಸ್ವತಂತ್ರ ಭಾರತದ ಮೊದಲ ಮಹಿಳಾ ಪೈಲಟ್ ಎನಿಸಿಕೊಂಡರು. ಆಕೆಯ ಪತಿ ಮೈಸೂರು ಮಹಾರಾಜರ ಪೈಲಟ್. ಮನೆಯಲ್ಲೇ ಆಕಾಶದ ದಾರಿ ಇತ್ತು. ಹಂಗಳದ ಅಥವಾ ತೆರಕಣಾಂಬಿಯ ಕೂಲಿಯವನ ಮಗಳಿಗೆ ಆ ದಾರಿ ಎಲ್ಲಿದೆ? ವಿಮಾನ ನಡೆಸಿ ಸಂಬಳ ಪಡೆಯುವ ಪರವಾನಗಿಗೆ 200 ಗಂಟೆ ಹಾರಾಟ ಬೇಕು. ಒಂದೊಂದು ಗಂಟೆಗೂ ಹಣ. ಒಟ್ಟು ಹತ್ತಾರು ಲಕ್ಷ ರೂಪಾಯಿ. ಈ ನಿಯಮ ಗಂಡಿಗೂ ಹೆಣ್ಣಿಗೂ ಒಂದೇ. ಆದರೆ ಹೊಲ ಅಡವಿಟ್ಟು ಮಗನನ್ನು ಓದಿಸುವ ತಂದೆ ಮಗಳಿಗಾಗಿ ಅಡವಿಡುವುದಿಲ್ಲ. ಬಡವನಿಗೆ ಅಡವಿಡಲು ಹೊಲವೇ ಇಲ್ಲ. ಭಾರತದ ವಿಮಾನ ಕಂಪನಿಗಳ ಪೈಲಟ್‌ಗಳಲ್ಲಿ ನೂರಕ್ಕೆ ಸುಮಾರು ಹದಿನೈದು ಮಂದಿ ಹೆಂಗಸರು, ಜಗತ್ತಿನ ಸರಾಸರಿ ಐದು ಎಂದು ಕೇಂದ್ರ ಸರ್ಕಾರದವರು ಹೆಮ್ಮೆಯಿಂದ ಹೇಳುತ್ತಾರೆ. ಹೆಮ್ಮೆಯ ಮಾತೇ. ಆ ಹದಿನೈದರಲ್ಲಿ ಸರ್ಕಾರಿ ಕನ್ನಡ ಶಾಲೆಯಲ್ಲಿ ಓದಿದವರೆಷ್ಟು, ಜಮೀನಿಲ್ಲದವರ ಮಕ್ಕಳೆಷ್ಟು ಎಂಬ ಲೆಕ್ಕವನ್ನೂ ಕೊಟ್ಟರೆ ನಾವೂ ಜೊತೆಗೆ ಹೆಮ್ಮೆಪಡುತ್ತೇವೆ.

ಆದ್ದರಿಂದ ಸರ್ಕಾರದ ಮುಂದೆ ನಮ್ಮ ಬೇಡಿಕೆ ಇದು: ಜಕ್ಕೂರಿನ ಶಾಲೆಯಲ್ಲಿ ಪ್ರತಿವರ್ಷ ಇಂತಿಷ್ಟು ಸ್ಥಾನಗಳನ್ನು ಹಿಂದುಳಿದ ತಾಲ್ಲೂಕುಗಳ ಬಡ ಹೆಣ್ಣುಮಕ್ಕಳಿಗೆ ಇಡಬೇಕು; ಹಾರಾಟದ ಪೂರ್ತಿ ವೆಚ್ಚವನ್ನೂ ವಸತಿಯನ್ನೂ ಸರ್ಕಾರವೇ ವಹಿಸಬೇಕು; ಪರೀಕ್ಷೆಯಲ್ಲಿ ಒಂದು ಅಂಕದ ರಿಯಾಯಿತಿಯೂ ಬೇಡ. ಚಾಮರಾಜನಗರ ಜಿಲ್ಲೆಯ ನಾಲ್ವರು ಶಾಸಕರೂ ಬರುವ ಅಧಿವೇಶನದಲ್ಲಿ ಈ ಪ್ರಶ್ನೆಯನ್ನು ಎತ್ತಬೇಕೆಂದು ಕೋರಿ ಪತ್ರ ಬರೆದಿದ್ದೇವೆ. ಯಾರಿಂದ ಉತ್ತರ ಬಂತು, ಯಾರಿಂದ ಬರಲಿಲ್ಲ ಎಂಬುದನ್ನು ಮುಂದಿನ ಸಂಚಿಕೆಗಳಲ್ಲಿ ಹೆಸರು ಸಹಿತ ಪ್ರಕಟಿಸುತ್ತೇವೆ.