ಜೇನಿನೊಳಗಿನ ನೀರು



ನಿಮ್ಮ ಅಡುಗೆಮನೆಯಲ್ಲಿ ಜೇನಿನ ಬಾಟಲಿ ಇದ್ದರೆ ಅದರ ಮುಚ್ಚಳವನ್ನು ಒಮ್ಮೆ ತೆರೆದು ನೋಡಿ. ಟಪ್ ಎಂದು ಗಾಳಿ ಹೊರಬಂತೇ? ಮೇಲೆ ನೊರೆ ಕಟ್ಟಿದೆಯೇ? ಹುಳಿ ವಾಸನೆ ಬರುತ್ತಿದೆಯೇ? ಹಾಗಾದಾಗ ನಮ್ಮಲ್ಲಿ ಹೆಚ್ಚಿನವರು ಮೊದಲು ಹೇಳುವ ಮಾತು, "ಇದು ಕಲಬೆರಕೆ, ಬೆಲ್ಲದ ಪಾಕ ಸೇರಿಸಿದ್ದಾರೆ" ಎಂದು. ಆದರೆ ಒಂದು ಹನಿಯೂ ಕಲಬೆರಕೆ ಇಲ್ಲದ ಜೇನು ಕೂಡ ಹುಳಿ ಬರಬಹುದು. ಅದರಲ್ಲಿ ನೀರಿನಂಶ ಹೆಚ್ಚಿದ್ದರೆ ಸಾಕು.

ಪವಿತ್ರ ಕುರ್‌ಆನಿನ 16ನೇ ಅಧ್ಯಾಯಕ್ಕೆ 'ಅನ್ನಹ್ಲ್' ಅಂದರೆ ಜೇನ್ನೊಣ ಎಂದೇ ಹೆಸರು. ಬೆಟ್ಟಗಳಲ್ಲಿ, ಮರಗಳಲ್ಲಿ, ಮನುಷ್ಯರು ಕಟ್ಟುವ ಚಪ್ಪರಗಳಲ್ಲಿ ಗೂಡು ಕಟ್ಟುವಂತೆ ಅಲ್ಲಾಹನು ಜೇನ್ನೊಣಕ್ಕೆ ಬೋಧನೆ ನೀಡಿದ ವಿಷಯ ಮತ್ತು ಅದರ ಒಡಲಿನಿಂದ ಬರುವ ಪಾನೀಯದಲ್ಲಿ ಜನರಿಗೆ ಉಪಶಮನವಿದೆ ಎಂಬ ವಿಷಯ ಅದರ 68 ಮತ್ತು 69ನೇ ಸೂಕ್ತಗಳಲ್ಲಿವೆ. ಆ ಪುಟ್ಟ ಜೀವಿ ಏನು ಮಾಡುತ್ತದೆಂದು ನೋಡಿ. ಹೂವಿನಿಂದ ಅದು ಹೀರಿ ತರುವ ಮಕರಂದದಲ್ಲಿ ಸಾಮಾನ್ಯವಾಗಿ ಅರ್ಧಕ್ಕಿಂತ ಹೆಚ್ಚು ನೀರೇ ಇರುತ್ತದೆ. ಅದನ್ನು ಬಾಯಿಂದ ಬಾಯಿಗೆ ದಾಟಿಸಿ, ಎರಿಯ ಕೋಶಗಳಲ್ಲಿ ತೆಳ್ಳಗೆ ಹರಡಿ, ರಾತ್ರಿಯೆಲ್ಲ ರೆಕ್ಕೆಯಿಂದ ಗಾಳಿ ಬೀಸಿ ನೀರನ್ನು ಆರಿಸುತ್ತದೆ. ಜೇನು ಪಕ್ವವಾದ ಮೇಲೆ ಮಾತ್ರ ಕೋಶದ ಮೇಲೆ ಮೇಣದ ಮುಚ್ಚಳ ಹಾಕುತ್ತದೆ. ಆ ಮುಚ್ಚಳ ಬೀಳುವ ಮುಂಚೆಯೇ ಆತುರಪಟ್ಟು ತೆಗೆದದ್ದು ಹಸಿ ಜೇನು. ನಾವು ನೋಡುವ ಹುಳಿ, ನೊರೆ ಹೆಚ್ಚಾಗಿ ಅಲ್ಲಿಂದಲೇ ಆರಂಭ.

ಜೇನಿನಲ್ಲಿ ಸಹಜವಾಗಿಯೇ ಯೀಸ್ಟ್ ಎಂಬ ಸೂಕ್ಷ್ಮಜೀವಿ ಇರುತ್ತದೆ. ತೇವಾಂಶ 100ರಲ್ಲಿ 17 ಭಾಗ ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಅದು ಏನೂ ಮಾಡಲಾರದು. 20 ದಾಟಿದರೆ ಅದಕ್ಕೆ ಜೀವ ಬಂದಂತೆ. ಸಕ್ಕರೆಯನ್ನು ತಿಂದು ಮದ್ಯಸಾರವನ್ನೂ ಅನಿಲವನ್ನೂ ಉಂಟುಮಾಡುತ್ತದೆ. ಭಾರತದ ಆಹಾರ ಸುರಕ್ಷತಾ ಮಾನದಂಡವೂ ಜೇನಿನ ತೇವಾಂಶಕ್ಕೆ 20 ಎಂಬ ಮಿತಿಯನ್ನೇ ಇಟ್ಟಿದೆ. ನಮ್ಮ ಕರಾವಳಿ ಮತ್ತು ಮಲೆನಾಡಿನ ತುಡುವೆ ಜೇನು, ಅದರಲ್ಲೂ ರಬ್ಬರ್ ತೋಟಗಳ ಜೇನು, ಈ ಮಿತಿಯನ್ನು ಮೀರುವುದು ಅಪರೂಪವಲ್ಲ. ಮುಜಂಟಿ ಜೇನಿನಲ್ಲಂತೂ ನೀರು ಇನ್ನೂ ಹೆಚ್ಚು.

ಮದ್ಯಸಾರ ಎಂದಾಗ ನಿಮಗೆ ಗಾಬರಿಯಾಗಬಹುದು. ಯಮನ್ ದೇಶದಲ್ಲಿ ಜೇನಿನಿಂದ ತಯಾರಿಸುತ್ತಿದ್ದ 'ಬಿತ್‌ಅ್' ಎಂಬ ಪಾನೀಯದ ಕುರಿತು ಅಬೂ ಮೂಸಾ ಅಲ್ ಅಶ್‌ಅರೀ(ರ) ಅವರು ಪ್ರವಾದಿಯವರೊಂದಿಗೆ(ಸ) ಕೇಳಿದ್ದು ಸಹೀಹ್ ಬುಖಾರಿಯಲ್ಲಿದೆ. ಅಮಲು ತರುವುದೆಲ್ಲವೂ ನಿಷಿದ್ಧ ಎಂಬುದೇ ಅದಕ್ಕೆ ದೊರೆತ ಉತ್ತರದ ಸಾರ. ಅಂದರೆ ಔಷಧಿಯಾಗಬೇಕಾದ ಜೇನು ಅಮಲಿನ ದಾರಿ ಹಿಡಿಯುವುದು ಅಂದಿನವರಿಗೂ ತಿಳಿದಿತ್ತು. ಹುಳಿ ಬಂದ ಜೇನಿನ ವಿಧಿಯನ್ನು ನಿಮ್ಮೂರಿನ ಉಲಮಾಗಳಲ್ಲಿ ಕೇಳಿ ತಿಳಿಯಿರಿ. ಅದು ಹುಳಿಯಾಗದಂತೆ ಮಾಡುವುದು ಮಾತ್ರ ನಮ್ಮ ಕೈಯಲ್ಲೇ ಇದೆ.

ಜೇನುಪೆಟ್ಟಿಗೆ ಇಟ್ಟಿರುವ ಸಹೋದರ ಸಹೋದರಿಯರು ಗಮನಿಸಿ. ಎರಿಯ ಮುಕ್ಕಾಲು ಭಾಗಕ್ಕಾದರೂ ಮೇಣದ ಮುಚ್ಚಳ ಬಿದ್ದ ನಂತರವೇ ಜೇನು ತೆಗೆಯಿರಿ. ಮಳೆಯ ದಿನ ತೆಗೆಯಬೇಡಿ. ಜೇನು ಗಾಳಿಯ ತೇವವನ್ನು ಹೀರುವ ವಸ್ತು. ಗಾಳಿಯ ಆರ್ದ್ರತೆ 60ರ ಆಸುಪಾಸಿನಲ್ಲಿದ್ದರೆ 18 ತೇವಾಂಶದ ಜೇನು ಹಾಗೆಯೇ ನಿಲ್ಲುತ್ತದೆ. ಜೂನ್ ಜುಲೈನಲ್ಲಿ ನಮ್ಮಲ್ಲಿ ಆರ್ದ್ರತೆ 80 ದಾಟುತ್ತದೆ. ಆಗ ಜೇನನ್ನು ಒಣಗಲೆಂದು ತೆರೆದಿಟ್ಟರೆ ಅದು ಒಣಗುವುದಿಲ್ಲ, ಇನ್ನಷ್ಟು ನೀರು ಕುಡಿಯುತ್ತದೆ.

ಹಾಗಾದರೆ ತೇವ ಇಳಿಸುವುದು ಹೇಗೆ? ಚಿಕ್ಕ ಕೋಣೆಯ ಕಿಟಕಿ ಬಾಗಿಲು ಮುಚ್ಚಿ, ಗಾಳಿಯ ತೇವ ಹೀರುವ ಯಂತ್ರವನ್ನೂ ಒಂದು ಫ್ಯಾನನ್ನೂ ಇಟ್ಟು, ಜೇನು ತುಂಬಿದ ಎರಿಗಳನ್ನು ಹಿಂಡುವ ಮೊದಲೇ ಅಲ್ಲಿ ನಿಲ್ಲಿಸಿಡುವುದು ಒಳ್ಳೆಯ ಕ್ರಮ. ತೆಗೆದಾಗಿದ್ದರೆ ಅಗಲವಾದ ತಟ್ಟೆಗಳಲ್ಲಿ ತೆಳ್ಳಗೆ ಹರಡಿ ಅದೇ ಕೋಣೆಯಲ್ಲಿ ಇಡಬಹುದು. ಎಷ್ಟು ಇಳಿಯಿತೆಂದು ನೋಡಲು ರಿಫ್ರಾಕ್ಟೋಮೀಟರ್ ಎಂಬ ಕೈಯಳತೆಯ ಉಪಕರಣವಿದೆ. ಒಂದು ಹನಿ ಜೇನು ಸಾಕು. ದೊಡ್ಡ ಘಟಕಗಳಲ್ಲಿ ಗಾಳಿಯ ಒತ್ತಡ ಕಡಿಮೆ ಮಾಡಿ, ಹೆಚ್ಚು ಬಿಸಿಯಿಲ್ಲದೆಯೇ ನೀರನ್ನು ಆವಿ ಮಾಡುತ್ತಾರೆ.

ಮನೆಯಲ್ಲಿ ಸ್ವಲ್ಪವೇ ಜೇನಿದ್ದರೆ? ಬಾಟಲಿಯನ್ನು ಮುಚ್ಚಿ ಬಿಸಿಲಿಗಿಟ್ಟು ಪ್ರಯೋಜನವಿಲ್ಲ. ಮುಚ್ಚಿದ ಬಾಟಲಿಯಿಂದ ನೀರು ಎಲ್ಲಿಗೆ ಹೋಗಬೇಕು? ನೇರವಾಗಿ ಒಲೆಯ ಮೇಲೂ ಇಡಬೇಡಿ. ಬಣ್ಣ ಕಪ್ಪಾಗುತ್ತದೆ, ಪರಿಮಳ ಹೋಗುತ್ತದೆ. ದೊಡ್ಡ ಪಾತ್ರೆಯಲ್ಲಿ ನೀರು ಬಿಸಿಮಾಡಿ, ತಳಕ್ಕೆ ಬಟ್ಟೆ ಹಾಕಿ, ಅದರಲ್ಲಿ ಜೇನಿನ ಸ್ಟೀಲ್ ಪಾತ್ರೆ ಇಡಿ. ಜೇನು 60 ಡಿಗ್ರಿ ತಲುಪಿದ ಮೇಲೆ ಸುಮಾರು 25 ನಿಮಿಷ ಅದೇ ಬಿಸಿಯಲ್ಲಿಟ್ಟು, ಬೇಗ ತಣಿಸಿ, ಒಣಗಿದ ಗಾಜಿನ ಬಾಟಲಿಗೆ ತುಂಬಿ ಬಿಗಿಯಾಗಿ ಮುಚ್ಚಿ. ಇದರಿಂದ ತೇವ ಹೆಚ್ಚೇನೂ ಇಳಿಯದಿದ್ದರೂ ಯೀಸ್ಟ್ ಸಾಯುತ್ತದೆ. ಇದರಲ್ಲಿ ಜೇನಿನ ಗುಣ ಸ್ವಲ್ಪ ಕುಗ್ಗುತ್ತದೆ. ಆದ್ದರಿಂದ ಹಸಿ ಜೇನಿಗೆ ಮಾತ್ರ ಈ ಉಪಾಯ. ಬಾಟಲಿಗೆ ಒದ್ದೆ ಚಮಚ ಹಾಕುವ ಅಭ್ಯಾಸವನ್ನೂ ಬಿಡಿ.

ಒಂದು ಎಚ್ಚರಿಕೆ: ತೇವ ಇಳಿಸಿದರೂ ಬಿಸಿ ಮಾಡಿದರೂ ಒಂದು ವರ್ಷ ತುಂಬದ ಮಗುವಿಗೆ ಜೇನು ಕೊಡಬಾರದು. ಎಳೆಯ ಕರುಳಿಗೆ ಅಪಾಯಕಾರಿಯಾದ ಒಂದು ರೋಗಾಣುವಿನ ಬೀಜಕಗಳು ಅದರಲ್ಲಿರಬಹುದು. ಇಷ್ಟು ಬಿಸಿಗೆ ಅವು ಸಾಯುವುದಿಲ್ಲ. ಪ್ರವಾದಿಯವರು(ಸ) ನವಜಾತ ಶಿಶುಗಳ ಬಾಯಿಗೆ ಸವರುತ್ತಿದ್ದುದು ಖರ್ಜೂರ ಎಂಬುದು ನೆನಪಿರಲಿ.

ಈಗ ಒಂದು ಸಣ್ಣ ಲೆಕ್ಕ. 22 ತೇವಾಂಶದ 10 ಕಿಲೋ ಜೇನನ್ನು 18ಕ್ಕೆ ಇಳಿಸಿದರೆ ಉಳಿಯುವುದು ಸುಮಾರು ಒಂಬತ್ತೂವರೆ ಕಿಲೋ. ಅರ್ಧ ಕಿಲೋ ನೀರು ಹೋಯಿತು. ಕಿಲೋಗೆ 500 ರೂಪಾಯಿ ಎಂದಿಟ್ಟುಕೊಂಡರೆ ಸುಮಾರು 250 ರೂಪಾಯಿ ಕೈತಪ್ಪಿದಂತೆ. "ನಾನೇನು ನೀರು ಬೆರೆಸಿಲ್ಲವಲ್ಲ, ಪೆಟ್ಟಿಗೆಯಲ್ಲಿ ಇದ್ದದ್ದನ್ನೇ ಕೊಟ್ಟೆ" ಎಂದು ಮನಸ್ಸು ವಾದಿಸುವುದು ಇಲ್ಲಿಯೇ.

ಆ ವಾದಕ್ಕೆ ಉತ್ತರ ಸಹೀಹ್ ಮುಸ್ಲಿಮ್‌ನಲ್ಲಿದೆ. ಪ್ರವಾದಿಯವರು(ಸ) ಮಾರಾಟಕ್ಕಿಟ್ಟಿದ್ದ ಧಾನ್ಯದ ರಾಶಿಯೊಳಗೆ ಕೈ ಹಾಕಿದಾಗ ಬೆರಳಿಗೆ ಒದ್ದೆ ತಾಗಿತು. ವಿಚಾರಿಸಿದಾಗ, ಮಳೆ ಬಿದ್ದಿತ್ತು ಎಂದರು ವ್ಯಾಪಾರಿ. ಅವರೂ ನೀರು ಹಾಕಿರಲಿಲ್ಲ, ಮಳೆ ತಾನಾಗಿಯೇ ಬಂದಿತ್ತು. ಆದರೂ ಒದ್ದೆಯಾದದ್ದನ್ನು ಜನರಿಗೆ ಕಾಣುವಂತೆ ಮೇಲಿಡಲಿಲ್ಲವೇಕೆ ಎಂದು ಪ್ರವಾದಿಯವರು(ಸ) ಪ್ರಶ್ನಿಸಿದರು. ವಂಚಿಸುವವನು ತನ್ನವನಲ್ಲ ಎಂದೂ ಎಚ್ಚರಿಸಿದರು. ತೇವ ಎಲ್ಲಿಂದ ಬಂತೆಂದು ಅವರು ತಪ್ಪು ಹೊರಿಸಲಿಲ್ಲ, ಅದು ಮರೆಯಾಗಿದ್ದುದನ್ನು ಆಕ್ಷೇಪಿಸಿದರು.

ಆದ್ದರಿಂದ ಮಾರುವವರೇ, ಸಾಧ್ಯವಿದ್ದರೆ ತೇವ ಇಳಿಸಿ ಮಾರಿ. ಸಾಧ್ಯವಿಲ್ಲದಿದ್ದರೆ "ಇದು ಹಸಿ ಜೇನು, ಬೇಗ ಮುಗಿಸಿ" ಎಂದು ಬಾಯಿಬಿಟ್ಟು ಹೇಳಿ, ಬೆಲೆ ಸ್ವಲ್ಪ ಇಳಿಸಿ. ಕೊಳ್ಳುವವರೇ, ನೊರೆ ಕಂಡ ಕೂಡಲೇ ಬಡ ಜೇನುಕೃಷಿಕನ ಮೇಲೆ ಕಲಬೆರಕೆಯ ಆರೋಪ ಹೊರಿಸಬೇಡಿ. ಮೊದಲು ಕೇಳಿ ತಿಳಿಯಿರಿ. ಒಬ್ಬರು ಮುಚ್ಚಿಡದೆ, ಇನ್ನೊಬ್ಬರು ದುಡುಕದೆ ಇದ್ದರೆ ವ್ಯಾಪಾರದಲ್ಲಿ ಬರಕತ್ತು ಇರುತ್ತದೆ.

ನಮ್ಮ ಸಂಪಾದನೆಯನ್ನೂ ಆಹಾರವನ್ನೂ ಅಲ್ಲಾಹನು ಶುದ್ಧಗೊಳಿಸಲಿ. ಆಮೀನ್.